ಪೀಪಾಯಿಗಳಿಗೆ ಹೇಳದ ಸುದ್ದಿ

ವಿಯೆನ್ನಾ, 5 ಅಕ್ಟೋಬರ್ 1957

ಹಾಸೆಲ್‌ಬ್ರುನ್ ಊರಿನ ಶ್ರೀಮತಿ ಗ್ರೋಸ್ಲ್ ಅವರಿಗೆ,

ಅಮ್ಮಾ, ನಿಮಗೆ ನನ್ನ ಪರಿಚಯವಿಲ್ಲ. ನನ್ನ ಹೆಸರು ಸೆವೆರಿನ್ ಝವಾದಿಲ್. ಇಲ್ಲಿ ಓಟಾಕ್ರಿಂಗ್ ಕಡೆ ಎಂಟು ಮೇಜಿನ ಒಂದು ಹೋಟೆಲು ನಡೆಸುತ್ತೇನೆ. ಗುರುವಾರ ರಜೆ. ಗುರುವಾರ ಬಂತೆಂದರೆ ಬಸ್ಸು ಹತ್ತಿ ನಿಮ್ಮ ಕಡೆಯ ಊರುಗಳನ್ನು ಸುತ್ತುವುದು ನನ್ನ ಚಟ. ದೊಡ್ಡ ವ್ಯಾಪಾರಿಗಳ ಹತ್ತಿರ ನಾನು ಸುಳಿಯುವುದಿಲ್ಲ. ಮನೆಮಂದಿಯೇ ಸೇರಿ ದ್ರಾಕ್ಷಿ ಹಿಂಡಿ, ತಾವು ಕುಡಿದು ಮಿಕ್ಕಿದ್ದನ್ನು ಮಾರುವ ಸಣ್ಣ ಮನೆಗಳನ್ನೇ ಹುಡುಕುತ್ತೇನೆ. ಅಷ್ಟು ಒಳ್ಳೆಯ ವೈನು ಅಷ್ಟು ಅಗ್ಗಕ್ಕೆ ಬೇರೆಲ್ಲೂ ಸಿಗದು. ಚೌಕಾಸಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ನನ್ನ ಅಡುಗೆಯವಳು ಹೆರ್ಮಿನೆ ಹೇಳುತ್ತಿರುತ್ತಾಳೆ: "ಸತ್ತ ಮೇಲೂ ನೀವು ಸ್ವರ್ಗದ ಬಾಗಿಲಲ್ಲಿ ನಿಂತು, 'ಇನ್ನೊಂಚೂರು ಕಡಿಮೆ ಮಾಡ್ಕೊಳ್ಳಿ' ಅಂತೀರ, ಸಾಹುಕಾರ್ರೆ."

ವಿಷಯಕ್ಕೆ ಬರುತ್ತೇನೆ. ಮೊನ್ನೆ ಗುರುವಾರ ನಿಮ್ಮೂರಿನ ನೆಲಮಾಳಿಗೆಗಳ ಓಣಿಗೆ ಬಂದಿದ್ದೆ. ಸುಗ್ಗಿಯ ಹೊತ್ತು, ಎಲ್ಲರೂ ತೋಟದಲ್ಲಿ. ಎರಡೂ ಕಡೆ ಸಾಲುಸಾಲು ದ್ರಾಕ್ಷಿ ಗಾಣದ ಮನೆಗಳು, ಒಂದೊಂದರ ಅಡಿಯೂ ನೆಲಮಾಳಿಗೆ; ಒಂದರ ಬಾಗಿಲೂ ತೆರೆದಿರಲಿಲ್ಲ. ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಬೇಕು, ಅಷ್ಟರಲ್ಲಿ ಕೊನೆಯಲ್ಲಿ, ಅಕ್ರೋಟು ಮರದ ಕೆಳಗಿನ ಬಾಗಿಲು ತೆರೆದಿರುವುದು ಕಂಡಿತು. ಮೆಟ್ಟಿಲ ಬುಡದಲ್ಲಿ ನಿಮ್ಮ ಯಜಮಾನರು ನಿಂತಿದ್ದರು. ನೀಲಿ ಏಪ್ರನ್ನು, ಕೈಯಲ್ಲಿ ಗಾಜಿನ ಕೊಳವೆ. ಪೀಪಾಯಿಯಿಂದ ಎಳೆದು ಒಂದು ಲೋಟ ಕೊಟ್ಟರು. ಅಮ್ಮಾ, ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಮೆಣಸಿನ ಸಣ್ಣ ಘಾಟು, ಹಸಿ ಸೇಬಿನ ಹುಳಿ, ನುಂಗಿದ ಮೇಲೂ ಹೋಗದ ಒಂದು ತಂಪು. ಇಂಥದ್ದು ಕುಡಿದಿರಲಿಲ್ಲ.

ಲೀಟರಿಗೆ ಎಂಟು ಶಿಲ್ಲಿಂಗ್ ಕೊಡಲು ಮನಸ್ಸು ಗಟ್ಟಿಮಾಡಿಕೊಂಡು, ಐದರಿಂದ ಶುರುಮಾಡೋಣವೆಂದಿದ್ದೆ. ಅವರು ತಾವಾಗಿಯೇ "ನಾಲ್ಕು" ಎಂದುಬಿಟ್ಟರು. ಅಭ್ಯಾಸಬಲ ನೋಡಿ, ನನ್ನ ಬಾಯಿ "ಮೂರು" ಎಂದಿತು. "ಆಯ್ತು" ಎಂದರು! ಜನ್ಮದಲ್ಲಿ ಮೊದಲ ಸಲ ನನಗೇ ನಾಚಿಕೆಯಾಗಿ, ಕೆಲವು ಜಾಡಿ ತುಂಬಿಸಿಕೊಂಡು ಲೀಟರಿಗೆ ನಾಲ್ಕೇ ಕೊಟ್ಟೆ. ಅದನ್ನೂ ಕೈಗೆ ತೆಗೆದುಕೊಳ್ಳಲಿಲ್ಲ. "ಬೆಕ್ಕಿನ ಅಡಿ ಇಟ್ಹೋಗು" ಎಂದರು. ಮೇಲೆ ಗಾಣದ ಹತ್ತಿರ ಇರುವ ಮಣ್ಣಿನ ಬೆಕ್ಕಿನ ಅಡಿಯಲ್ಲೇ ಇಟ್ಟಿದ್ದೇನೆ, ನೋಡಿಕೊಳ್ಳಿ.

ಇನ್ನೂ ಬೇಕು ಎಂದಾಗ, "ಮನೆಗೆ ಕಾಗದ ಬರಿ. ನಾನು ಆ ಕಡೆ ಹೋಗೋದು ನಿಂತುಹೋಗಿದೆ" ಎಂದರು. "ಏನು ಯಜಮಾನ್ರೆ, ಮನೇಲಿ ಜಗಳವಾ?" ಎಂದು ಕೆಣಕಿದೆ. "ಅವಳು ನಂಗೇನೂ ಹೇಳ್ಲಿಲ್ಲ. ನೀನು ಬರೆದ್ರೆ, ಏನು ಹೇಳಿದ್ಲು ಅಂತ ಬಂದು ತಿಳಿಸು" ಎಂದರು.

ಅಮ್ಮಾ, ಗಂಡ ಹೆಂಡಿರ ನಡುವೆ ನಾನು ಬಾಯಿ ಹಾಕಬಾರದು. ಆದರೂ ಇಷ್ಟು ಒಳ್ಳೆಯ ವೈನು ಮಾಡುವವರನ್ನು ನೆಲಮಾಳಿಗೆಯಲ್ಲಿ ಕೂರಿಸಬೇಡಿ. ನನಗೆ ಇನ್ನೂ ನಾಲ್ಕು ಜಾಡಿ ಬೇಕು, ಅದೇ ಬೆಲೆಗೆ. ಒಂದು ಸಾಲು ಬರೆಯಿರಿ.

ನಿಮ್ಮ ವಿಧೇಯ,
ಸೆವೆರಿನ್ ಝವಾದಿಲ್


ಹಾಸೆಲ್‌ಬ್ರುನ್, 8 ಅಕ್ಟೋಬರ್ 1957

ಶ್ರೀ ಝವಾದಿಲ್ ಅವರಿಗೆ,

ನಿಮ್ಮ ಕಾಗದ ತಲುಪಿತು. ಹಣ ಬೆಕ್ಕಿನ ಅಡಿಯಲ್ಲೇ ಇತ್ತು.

ವೈನು ಕೊಡುವ ಮೊದಲು ಕೆಲವು ಮಾತು ಕೇಳಬೇಕಾಗಿದೆ. ನೀವು ಕಂಡವರಿಗೆ ಎಡಗೈಯ ಕಿರುಬೆರಳು ಪೂರ್ತಿ ಇತ್ತೇ? ಏಪ್ರನ್ನಿನ ಜೇಬಿಗೆ ತೇಪೆ ಇತ್ತೇ, ಇದ್ದರೆ ಯಾವ ಬಣ್ಣದ ದಾರ? ಕೆಮ್ಮುತ್ತಿದ್ದರೇ? ನನ್ನ ಹೆಸರು ಹೇಳಿದರೇ?

ಬರುವ ಗುರುವಾರ ಬನ್ನಿ. ಬಾಗಿಲು ತೆರೆದಿದ್ದರೆ ಇಳಿಯಿರಿ. ಊರೊಳಗೆ ಬರಬೇಡಿ, ಯಾರೊಂದಿಗೂ ನಮ್ಮ ಮನೆಯ ವಿಷಯ ಆಡಬೇಡಿ. ಇದು ಸಣ್ಣ ಊರು. ಅವರು ಆಡಿದ್ದನ್ನು ಒಂದು ಮಾತೂ ಬಿಡದೆ ಬರೆದು ಕಳಿಸಿದರೆ ಬೆಲೆ ಮೂರೇ ಇರಲಿ.

ಗೆನೋವೇವಾ ಗ್ರೋಸ್ಲ್


ವಿಯೆನ್ನಾ, 11 ಅಕ್ಟೋಬರ್ 1957

ಗ್ರೋಸ್ಲ್ ಅಮ್ಮನವರಿಗೆ,

ಎಂಥ ಹೆಂಗಸಪ್ಪ ನೀವು! ಜಗಳ ಕಾದ ಗಂಡನ ಗುರುತು ನನ್ನ ಕೈಲಿ ಹೇಳಿಸುತ್ತೀರಿ. ಆಗಲಿ, ಮೂರು ಶಿಲ್ಲಿಂಗಿಗೆ ನಾನು ಗೂಢಚಾರನೂ ಆಗುತ್ತೇನೆ.

ಕಿರುಬೆರಳು ಅರ್ಧವೇ ಇದೆ. ಜೇಬಿಗೆ ಕಂದು ದಾರದ ತೇಪೆ. ನೀಲಿಗೆ ಕಂದು ಹಾಕಿದ್ದು ಯಾರು ಎಂದು ಕೇಳಿದ್ದಕ್ಕೆ, "ಆ ದಿನ ಮನೇಲಿ ನೀಲಿ ದಾರ ಮುಗಿದಿತ್ತು" ಎಂದು ಸ್ವಲ್ಪ ನಕ್ಕರು. ಕೆಮ್ಮು ಇದೆ, ಒಣಕೆಮ್ಮು. ನಾನು ಮೆಟ್ಟಿಲಿಳಿಯುತ್ತಿದ್ದ ಹಾಗೇ ಅವರು ಕೇಳಿದ ಮೊದಲ ಮಾತು, "ವೇವಿ ಏನಾದ್ರೂ ಹೇಳಿದ್ಲಾ?" ವೇವಿ ಅಂದರೆ ನೀವೇ ತಾನೆ? ಮುದ್ದಾದ ಹೆಸರು.

"ನಿಮ್ಮ ಬೆರಳಿನ ಬಗ್ಗೆ ಕೇಳಿದ್ದಾರೆ" ಎಂದೆ. ತಲೆಯಾಡಿಸಿ "ಅದಲ್ಲ" ಎಂದರು. ಆಮೇಲೆ ಪೀಪಾಯಿಗಳ ಕಡೆ ಕೈ ತೋರಿಸಿ, "ಇವಕ್ಕೂ ಯಾರೂ ಏನೂ ಹೇಳಿಲ್ಲ. ಪಾಪ, ಕಾಯ್ತಾ ಕೂತಿವೆ" ಎಂದರು. ಪೀಪಾಯಿಗೆ ಏನು ಹೇಳುವುದಿರುತ್ತದೆ? ಒಂಟಿಯಾಗಿ ಕೂತು ಕೂತು ನಿಮ್ಮ ಯಜಮಾನರ ತಲೆ ಸ್ವಲ್ಪ ಆ ಕಡೆ ಈ ಕಡೆ ಆಗಿದೆಯೇನೋ. ಬೇಸರ ಮಾಡಿಕೊಳ್ಳಬೇಡಿ.

ಒಂದು ಸಂಗತಿ. ಹೊಸ ರಸ ಹುಳಿಯುವ ಕಾಲ, ಕೆಳಗೆ ಕೆಟ್ಟ ಗಾಳಿ ತುಂಬಿರುತ್ತದೆ ಎಂದು ನಾನು ಯಾವಾಗಲೂ ಮೇಣದಬತ್ತಿ ಹಿಡಿದೇ ಇಳಿಯುವವನು. ನಾಲ್ಕನೇ ಮೆಟ್ಟಿಲಲ್ಲಿ ಬತ್ತಿ ನಂದಿತು. ಬತ್ತಿ ನಂದಿದರೆ ಓಡು ಎಂದು ನಮ್ಮಪ್ಪ ಹೇಳಿಕೊಟ್ಟಿದ್ದಾರೆ. ನಾನು ಅಲ್ಲೇ ನಿಂತೆ. ಅವರು ನನಗಿಂತ ಕೆಳಗೆ, ಕತ್ತಲಲ್ಲಿ ಆರಾಮಾಗಿ ಓಡಾಡಿಕೊಂಡು, ಜಾಡಿ ತುಂಬಿಸಿ, ಕೈ ಚಾಚಿ ಮೇಲಕ್ಕೆ ಕೊಟ್ಟರು. ಹಳೇ ಕಾಲದವರ ಶ್ವಾಸಕೋಶ ಚರ್ಮದ್ದಿರಬೇಕು.

ಜಾಡಿಗಳನ್ನು ಬಸ್ಸಿನ ಮೇಲೆ ಹೇರಲು ಡ್ರೈವರಿನ ಕೈಲಿ ಬೈಸಿಕೊಂಡು ಮನೆ ಮುಟ್ಟಿದೆ. ಗಿರಾಕಿಗಳು ಕುಡಿದು ಲೋಟ ನೆಕ್ಕುವುದೊಂದು ಬಾಕಿ. ಎಲ್ಲಿಂದ ತರುತ್ತೀ ಎಂದು ಕೇಳುತ್ತಾರೆ. ನಾನು ಹೇಳುತ್ತೇನೆಯೇ?

ನಿಮ್ಮ ಗೂಢಚಾರ,
ಸೆವೆರಿನ್


ಹಾಸೆಲ್‌ಬ್ರುನ್, 13 ಅಕ್ಟೋಬರ್ 1957

ಝವಾದಿಲ್ ಅವರೇ,

ಈ ಕಾಗದವನ್ನು ನಾನು ಅಂಚೆಗೆ ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆದುಹೋಗುತ್ತದೆ.

ನನ್ನ ಗಂಡ ಲಾಂಬೆರ್ಟ್ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ತೀರಿಕೊಂಡರು. ಮೂರು ದಿನ ಜ್ವರ, ಮಾತಿಲ್ಲ ಕತೆಯಿಲ್ಲ, ಬೆಳಿಗ್ಗೆ ನೋಡಿದರೆ ಇಲ್ಲ. ಆ ಏಪ್ರನ್ನು ನನ್ನ ಅಡುಗೆಮನೆಯ ಬಾಗಿಲ ಹಿಂದೆ ಮೊಳೆಯಲ್ಲಿ ನೇತಾಡುತ್ತಿದೆ. ನಿಮ್ಮ ಮೊದಲ ಕಾಗದ ಓದಿ ಮುಟ್ಟಿ ನೋಡಿದೆ. ಒದ್ದೆಯಾಗಿತ್ತು, ನೆಲಮಾಳಿಗೆಯ ವಾಸನೆ. ನೆಲಮಾಳಿಗೆಯ ಬೀಗದ ಕೈ ಅಂದಿನಿಂದ ನನ್ನ ಸೊಂಟದಲ್ಲಿದೆ. ನೀವು ತೆರೆದಿತ್ತು ಎಂದ ಬಾಗಿಲು, ನಾನು ಹೋದಾಗಲೆಲ್ಲ ಮುಚ್ಚಿಯೇ ಇರುತ್ತದೆ.

ನಮ್ಮ ಕಡೆ ಒಂದು ಪದ್ಧತಿ ಇದೆ, ಪಟ್ಟಣದವರಾದ ನಿಮಗೆ ಗೊತ್ತಿರಲಾರದು. ಮನೆಯ ಯಜಮಾನ ತೀರಿಕೊಂಡರೆ, ಶವಪೆಟ್ಟಿಗೆ ಹೊಸ್ತಿಲು ದಾಟುವ ಮುಂಚೆ ಮನೆಯವರೊಬ್ಬರು ನೆಲಮಾಳಿಗೆಗೆ ಇಳಿಯಬೇಕು. ಒಂದೊಂದು ಪೀಪಾಯಿಯನ್ನೂ ಬೆರಳಗಂಟಿನಿಂದ ತಟ್ಟಿ, "ನಿಮ್ಮ ಯಜಮಾನ ತೀರಿಕೊಂಡ, ಇನ್ನು ಮೇಲೆ ನಾನು" ಎಂದು ಹೇಳಬೇಕು. ಹೇಳದಿದ್ದರೆ ವೈನು ಕೆಡುತ್ತದೆ. ಹೇಳುವ ಮುಂಚೆ ಒಂದು ಹನಿಯೂ ನೆಲಮಾಳಿಗೆಯಿಂದ ಹೊರಗೆ ಹೋಗಬಾರದು. ನಮಗೆ ಮಕ್ಕಳಿಲ್ಲ, ನಾನೇ ಹೇಳಬೇಕಿತ್ತು. ಇಳಿದೆ, ಮೊದಲ ಪೀಪಾಯಿಯ ಮುಂದೆ ಕೈ ಎತ್ತಿದೆ. ಬಾಯಿ ಬರಲಿಲ್ಲ. ಅಲ್ಲೊಂದು ಕಡೆಯಾದರೂ ಅವರು ಯಜಮಾನರಾಗಿ ಉಳಿಯಲಿ ಅನ್ನಿಸಿತು. ಮೇಲೆ ಬಂದು, ಹೇಳಿದೆ ಎಂದು ಎಲ್ಲರಿಗೂ ಸುಳ್ಳು ಹೇಳಿದೆ.

ವೇವಿ ಎಂದು ನನ್ನನ್ನು ಕರೆಯುತ್ತಿದ್ದವರು ಅವರೊಬ್ಬರೇ. ನಿಮ್ಮ ಕಾಗದದಲ್ಲಿ ಅದನ್ನು ಓದಿ ಹಿಟ್ಟಿನ ಕೈಯಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ನಾನು ಎಷ್ಟು ಸಲ ಹೋಗಿ ಆ ಮೆಟ್ಟಿಲ ಮೇಲೆ ಕೂತು ಕೂಗಿದ್ದೇನೆ ಗೊತ್ತೇ? ಒಂದು ಕೆಮ್ಮೂ ಇಲ್ಲ. ನನಗೆ ಅರ್ಥವಾದದ್ದು ಇಷ್ಟು: ಅವರು ಸತ್ತದ್ದು ಗೊತ್ತಿರುವವರಿಗೆ ಅವರು ಕಾಣುವುದಿಲ್ಲ. ನಿಮಗೆ ಗೊತ್ತಿಲ್ಲ, ಅದಕ್ಕೇ ಕಾಣುತ್ತಾರೆ. ಈ ಕಾಗದ ನಿಮ್ಮ ಕೈಸೇರಿದರೆ ನೀವೂ ನನ್ನ ಹಾಗೆ ಕುರುಡರಾಗುತ್ತೀರಿ. ದೇವರು ಕ್ಷಮಿಸಲಿ, ನನಗೆ ಈಗ ನಿಮ್ಮ ಕಣ್ಣು ಬೇಕು.

ಗೆ.


ಹಾಸೆಲ್‌ಬ್ರುನ್, 14 ಅಕ್ಟೋಬರ್ 1957

ಶ್ರೀ ಝವಾದಿಲ್ ಅವರಿಗೆ,

ನಮ್ಮ ಜಗಳ ಹಳೆಯದು, ನೀವು ತಲೆ ಕೆಡಿಸಿಕೊಳ್ಳಬೇಡಿ. ಈ ಸಲ ಬಂದಾಗ ಅವರಿಗೆ ಹೀಗೆ ಹೇಳಿ: ಅಕ್ರೋಟು ಈ ವರ್ಷ ಕೊಂಬೆ ಮುರಿಯುವಷ್ಟು ಬಿಟ್ಟಿದೆ. ಮೋಟು ಬಾಲದ ಹೆಬ್ಬಾತು ಕೊಬ್ಬಿದೆ, ಮಾರ್ಟಿನನ ಹಬ್ಬಕ್ಕೆ ಕೊಯ್ಯಲು ನನಗೆ ಮನಸ್ಸಾಗುತ್ತಿಲ್ಲ. ನೀಲಿ ದಾರ ತಂದಿಟ್ಟಿದ್ದೇನೆ.

ಅವರೇನು ಅಂದರು ಬರೆಯಿರಿ. ಬೆಲೆ ಎರಡೂವರೆ.

ಗೆನೋವೇವಾ ಗ್ರೋಸ್ಲ್


ವಿಯೆನ್ನಾ, 19 ಅಕ್ಟೋಬರ್ 1957

ಗ್ರೋಸ್ಲ್ ಅಮ್ಮನವರಿಗೆ,

ಎಲ್ಲವನ್ನೂ ಗಿಣಿಯಂತೆ ಒಪ್ಪಿಸಿದೆ. ಅಕ್ರೋಟಿಗೆ "ಹೂಂ" ಎಂದರು. ಹೆಬ್ಬಾತಿಗೆ, "ಅವಳು ಪ್ರತಿ ವರ್ಷ ಹಿಂಗೇ ಅಂತಾಳೆ, ಆಮೇಲೆ ತೊಡೆ ತನಗೇ ಬೇಕು ಅಂತಾಳೆ" ಎಂದರು. ನೀಲಿ ದಾರಕ್ಕೆ ಮಾತ್ರ ಜೇಬಿನ ತೇಪೆಯನ್ನು ಹೆಬ್ಬೆರಳಿನಿಂದ ಸವರಿದರು. ನಾನು ಏನೋ ಸಂಧಾನ ಕುದುರಿತು ಎಂದುಕೊಳ್ಳುವಷ್ಟರಲ್ಲಿ, "ಅದಲ್ಲ" ಎಂದರು. "ಇನ್ನೇನು ಹೇಳ್ಬೇಕು ಮಾರಾಯ್ರೆ?" ಎಂದೆ. "ಅವಳಿಗೆ ಗೊತ್ತು" ಎಂದರು.

ನೋಡಿ ಅಮ್ಮಾ, ನಾನು ಮದುವೆಯಾಗದ ಗಂಡಸು, ಆದರೂ ನನಗೇ ಹೊಳೆಯುತ್ತಿದೆ. ಅವರಿಗೆ 'ತಪ್ಪಾಯಿತು, ಮನೆಗೆ ಬನ್ನಿ' ಎನ್ನುವುದು ಬೇಕು. ಹೇಳಿಬಿಡಿ, ಗಂಟು ಹೋಗುತ್ತದೆಯೇ?

ಈ ಸಲ ಬತ್ತಿ ನಂದಿದ ಮೇಲೂ ಎರಡು ಮೆಟ್ಟಿಲು ಇಳಿದೆ. ಏನೂ ಆಗಲಿಲ್ಲ, ತಲೆ ಸ್ವಲ್ಪ ಹಗುರಾಯಿತು ಅಷ್ಟೆ. ಪೀಪಾಯಿಗಳೆಲ್ಲ ಗುಳುಗುಳು ಎನ್ನುತ್ತಿವೆ, ಹೊಸ ರಸ ಚೆನ್ನಾಗಿ ಹುಳಿಯುತ್ತಿದೆ. ಕೂರಲು ಒಂದು ಮಣೆ ಹಾಕಿಕೊಟ್ಟರು. ನಮ್ಮ ಹೋಟೆಲಿನ ಗದ್ದಲ ಬಿಟ್ಟು ಅಲ್ಲಿ ಕೂತರೆ ಹಾಯೆನಿಸುತ್ತದೆ. ಹೆರ್ಮಿನೆ ನನ್ನ ಕೋಟು ಮೂಸಿ, "ಏನಿದು, ಹೊಸದಾಗಿ ತೋಡಿದ ಗುಂಡಿ ವಾಸನೆ" ಎಂದು ಮೂಗು ಮುಚ್ಚಿಕೊಂಡಳು. ಅವಳಿಗೇನು ಗೊತ್ತು ನೆಲಮಾಳಿಗೆಯ ಸುಖ.

ಸೆವೆರಿನ್


ಹಾಸೆಲ್‌ಬ್ರುನ್, 22 ಅಕ್ಟೋಬರ್ 1957

ಸೆವೆರಿನ್ ಅವರೇ,

ಮೇಲೇ ನಿಲ್ಲಿ. ಬತ್ತಿ ನಂದಿದ ಮೇಲೆ ಒಂದು ಮೆಟ್ಟಿಲೂ ಇಳಿಯಬಾರದು, ಇದು ನನ್ನ ಆಣೆ.

ಹೆಬ್ಬಾತಿನ ತೊಡೆಯ ಮಾತು ಓದಿ ಒಬ್ಬಳೇ ಗಟ್ಟಿಯಾಗಿ ನಕ್ಕೆ. ಪಕ್ಕದ ಮನೆಯವಳು ಬೇಲಿಯಾಚೆಯಿಂದ ಇಣುಕಿದಳು. ಮೂವತ್ತೊಂದು ವರ್ಷ ಸಂಸಾರ ಮಾಡಿದೆ, ಆ ಮನುಷ್ಯ ಆಡಿದ ಮಾತೆಲ್ಲ ಸೇರಿಸಿದರೆ ಒಂದು ಚೀಲ ತುಂಬುವುದಿಲ್ಲ. ಈಗ ನಿಮ್ಮ ಕಾಗದದಲ್ಲಿ ವಾರವಾರವೂ ಬರುತ್ತದೆ.

ಅವರಿಗೆ ಹೇಳಿ: ತಪ್ಪಾಯಿತು, ಮನೆಗೆ ಬನ್ನಿ. ಬಾಗಿಲಿಗೆ ಅಗುಳಿ ಹಾಕುತ್ತಿಲ್ಲ.

ಬೆಲೆ ಎರಡು. ಬೇಕಾದರೆ ಇನ್ನೂ ಇಳಿಸುತ್ತೇನೆ, ಬರುವುದನ್ನು ಮಾತ್ರ ನಿಲ್ಲಿಸಬೇಡಿ.

ಗೆನೋವೇವಾ


3 ನವೆಂಬರ್ 1957

ವೇವಿ,

ಎರಡು ಗುರುವಾರ ಹೋದೆ. ನೀನು ಹೇಳಿದ್ದನ್ನು ಹೇಳಿದೆ. ಅದಲ್ಲ.

ಬೆಲೆಯ ಮಾತು ಬಿಡು. ಹಣ ಯಾರಿಗೆ ಬೇಕು. ಹೋಟೆಲನ್ನು ಹೆರ್ಮಿನೆ ನೋಡಿಕೊಳ್ಳುತ್ತಾಳೆ, ಬಾಯಿ ಮಾತ್ರ ಜೋರು. ನಾನು ಊಟ ಬಿಟ್ಟಿದ್ದೇನೆ ಎಂದು ಕೂಗಾಡುತ್ತಾಳೆ. ಹಸಿವಿಲ್ಲದವನು ಏನು ತಿನ್ನುವುದು.

ಈಗ ಬತ್ತಿ ಒಯ್ಯುವುದಿಲ್ಲ. ಕೆಳಗೆ ಕಣ್ಣು ಹೊಂದಿಕೊಳ್ಳುತ್ತದೆ. ಅವರಿಗೆ ಸುಸ್ತಾಗಿದೆ, ವೇವಿ. ಪೀಪಾಯಿಗಳು ಅವರನ್ನು ಬಿಡುವುದಿಲ್ಲ. ಯಜಮಾನ ಇದ್ದಾನೆ ಎಂದೇ ಅವು ತಿಳಿದಿವೆ, ಬೆಳಗಾದರೆ ಕರೆಯುತ್ತವೆ. "ಇವನ್ನ ನೋಡ್ಕೊಳ್ಳೋಕೆ ಯಾರಾದ್ರೂ ಒಬ್ರು ಬೇಕಲ್ಲಪ್ಪ. ನಿನ್ನ ನಾಲಿಗೆ ಚೆನ್ನಾಗಿದೆ" ಎಂದರು. ಎಲ್ಲ ಪೀಪಾಯಿಯ ರುಚಿಯನ್ನೂ ತೋರಿಸಿದ್ದಾರೆ. ಕೊನೆಯದೊಂದು ಬಾಕಿ. ಹೋದ ಸಲ ಮಣ್ಣಿನ ಬೆಕ್ಕು ಮೇಲೆ ಗಾಣದ ಹತ್ತಿರ ಇರಲಿಲ್ಲ. ನಾನು ಕೂರುವ ಮಣೆಯ ಮೇಲೆ ಕೂತಿತ್ತು.

ಈ ವಾರ ಕೊನೆಯದರ ರುಚಿ ನೋಡಬೇಕು. ಆಮೇಲೆ ಅವರು ವಿಶ್ರಾಂತಿ ತಗೊಳ್ಳಲಿ.

ಸೆ.


ಹಾಸೆಲ್‌ಬ್ರುನ್, 5 ನವೆಂಬರ್ 1957

ಸೆವೆರಿನ್, ಬರಬೇಡಿ. ಕೈ ಮುಗಿಯುತ್ತೇನೆ, ಬರಬೇಡಿ.

ನನ್ನ ಗಂಡ ಸತ್ತಿದ್ದಾರೆ. ತಪಸ್ಸುಕಾಲದಲ್ಲೇ ಸತ್ತರು. ಮೊನ್ನೆ ಸಕಲ ಮೃತರ ದಿನ ಅವರ ಸಮಾಧಿಗೆ ದೀಪ ಹಚ್ಚಿ ಬಂದೆ, ಇಂದು ನಿಮ್ಮ ಕಾಗದ ಬಂತು. ಮೇಲೆ ವೇವಿ ಎಂದಿತ್ತು. ನೀವು ಅದನ್ನು ಬರೆದಿರಬೇಕು, ಆದರೆ ಆ ಏಕವಚನ ನಿಮ್ಮದಲ್ಲ.

ಇನ್ನೊಂದು ಮಾತು, ಮೊದಲೇ ಹೇಳಬೇಕಿತ್ತು. ಈ ವರ್ಷ ದ್ರಾಕ್ಷಿಯನ್ನು ಬಳ್ಳಿಯ ಮೇಲೇ ಮಾರಿಬಿಟ್ಟೆ. ಆ ನೆಲಮಾಳಿಗೆಗೆ ಒಂದು ಬಕೆಟ್ ಹೊಸ ರಸವೂ ಇಳಿದಿಲ್ಲ. ಅಲ್ಲಿ ಹುಳಿಯುವಂಥದ್ದು ಏನೂ ಇಲ್ಲ. ಗುಳುಗುಳು ಎನ್ನುವುದು ಏನೋ ನನಗೆ ಗೊತ್ತಿಲ್ಲ.

ಓದಿದಿರಾ? ಸತ್ತಿದ್ದಾರೆ. ಈಗ ನಿಮಗೂ ಗೊತ್ತಾಯಿತು. ಇನ್ನು ಆ ಬಾಗಿಲು ನಿಮಗೆ ತೆರೆದಿರುವುದಿಲ್ಲ.

ಗೆನೋವೇವಾ


ಹಾಸೆಲ್‌ಬ್ರುನ್, 9 ನವೆಂಬರ್ 1957

ಸೆವೆರಿನ್ ಅವರಿಗೆ, ಜಿಲ್ಲಾಸ್ಪತ್ರೆ

ನೀವು ಕಣ್ಣು ಬಿಟ್ಟಿರೆಂದು ನರ್ಸಮ್ಮ ಹೇಳಿ ಕಳಿಸಿದರು. ಅಂಚೆಗೆ ಹಾಕದೆ ಪ್ರಾರ್ಥನೆ ಪುಸ್ತಕದಲ್ಲಿ ಇಟ್ಟಿದ್ದ ಒಂದು ಕಾಗದವನ್ನೂ ಇದರ ಜತೆ ಇಟ್ಟಿದ್ದೇನೆ. ಓದಿ, ಬೈಯಬೇಕೆನಿಸಿದರೆ ಬೈಯಿರಿ.

ಗುರುವಾರ ಮಧ್ಯಾಹ್ನ ಬಸ್ಸಿನ ಕೂಡುರಸ್ತೆಯಲ್ಲಿ ಕಾದು ನಿಂತಿದ್ದೆ. ನೀವು ಇಳಿಯಲಿಲ್ಲ. ಕಾಗದ ಸಿಕ್ಕಿತು, ಉಳಿದರು ಎಂದುಕೊಂಡೆ. ಡ್ರೈವರು, "ದಪ್ಪ ಸಾಹೇಬ್ರಾ? ಅವರು ನಿನ್ನೇನೇ ಬಂದ್ರಲ್ಲಮ್ಮ. ವಾಪಸ್ ಹೋಗ್ಲಿಲ್ಲ" ಎಂದ. ಓಣಿಯುದ್ದಕ್ಕೂ ಹೇಗೆ ಓಡಿದೆನೋ ಗೊತ್ತಿಲ್ಲ.

ಬಾಗಿಲಿಗೆ ಬೀಗ ಹಾಗೇ ಇತ್ತು. ಒಳಗೆ ಇಬ್ಬರು ಕೆಮ್ಮುತ್ತಿದ್ದರು. ಬೀಗ ತೆಗೆದರೆ ಗಾಣದ ಮೊಳೆಗೆ ನಿಮ್ಮ ಟೋಪಿ ನೇತಾಡುತ್ತಿತ್ತು. ಕೆಳಗಿನಿಂದ ಗುಳುಗುಳು, ಎಷ್ಟೋ ಜನ ಬಾಯಲ್ಲಿ ನೀರು ಹಿಡಿದು ಮಾತಾಡಿದ ಹಾಗೆ. ಬತ್ತಿ ಹಚ್ಚಿ ಇಳಿದೆ, ನಾಲ್ಕನೇ ಮೆಟ್ಟಿಲಲ್ಲಿ ನಂದಿತು. ಮತ್ತೆ ಹಚ್ಚಿದೆ, ಮತ್ತೆ ನಂದಿತು. ಮಣೆಯ ಮೇಲೆ ನಿಮ್ಮ ಬೆನ್ನು ಕಂಡಿತು. ಇನ್ನು ಒಂದು ಮೆಟ್ಟಿಲು ಇಳಿದರೆ ನಾನೂ ಬೀಳುತ್ತಿದ್ದೆ. ಅಲ್ಲೇ ನಿಂತಾಗ ಹೊಳೆಯಿತು, ಇಷ್ಟು ದಿನ ಅವರು ಕೇಳುತ್ತಿದ್ದದ್ದು ಅಕ್ರೋಟಲ್ಲ, ಹೆಬ್ಬಾತಲ್ಲ, ತಪ್ಪಾಯಿತು ಎನ್ನುವುದೂ ಅಲ್ಲ. ಎಂಥ ದಡ್ಡಿ ನಾನು. ಸತ್ತವರಿಗೆ ಸತ್ತಿದ್ದೀರಿ ಎಂದು ಹೇಳುವವರು ಬೇಕಿತ್ತು.

"ರೀ," ಎಂದೆ, "ನೀವು ತೀರಿಕೊಂಡಿದ್ದೀರಿ. ಈಸ್ಟರಿಗೆ ಮುಂಚೆಯೇ. ಹಣೆಗೆ ಬಟ್ಟೆ ಹಾಕಿ ಹಾಕಿ ನನ್ನ ಕೈ ಸೋತುಹೋಯ್ತು. ನೀವು ಏಳ್ಲಿಲ್ಲ. ನಾನು ಇವಕ್ಕೆ ಹೇಳ್ಲೇ ಇಲ್ಲ ಕಣ್ರೀ."

ಗುಳುಗುಳು ನಿಂತಿತು. ಬತ್ತಿ ಹಚ್ಚಿದೆ, ಉರಿಯಿತು. ಇಳಿದು ನಿಮ್ಮ ಮೂಗಿನ ಹತ್ತಿರ ಕೈ ಇಟ್ಟು ನೋಡಿ, ಮೊದಲು ನಿಮ್ಮನ್ನು ಬಿಟ್ಟು ಪೀಪಾಯಿಗಳ ಹತ್ತಿರ ಹೋದೆ, ಅದಕ್ಕೆ ಕ್ಷಮೆಯಿರಲಿ. ಒಂದೊಂದನ್ನೂ ತಟ್ಟಿದೆ. "ನಿಮ್ಮ ಯಜಮಾನ ತೀರಿಕೊಂಡ, ಇನ್ನು ಮೇಲೆ ನಾನು." ಕೊನೆಯದು ತುಂಬಿದ ಸದ್ದು ಕೊಡಬೇಕಿತ್ತು, ಖಾಲಿ ಡೊಳ್ಳಿನ ಹಾಗೆ ಸದ್ದು ಮಾಡಿತು. ಆಮೇಲೆ ನಿಮ್ಮ ಕಂಕುಳಿಗೆ ಕೈ ಕೊಟ್ಟು ಎಳೆದೆ. ಅಕ್ಕಪಕ್ಕದವರು ಓಡಿಬಂದು ಗಾಡಿಗೆ ಹಾಕಿದರು. ಏನಪ್ಪಾ ಭಾರ ನೀವು! ಊಟ ಬಿಟ್ಟವರೆಂದು ಯಾರೂ ಹೇಳಲಾರರು.

ಮನೆಗೆ ಬಂದು ನೋಡಿದೆ. ಏಪ್ರನ್ನು ಒಣಗಿ ಗರಿಗರಿಯಾಗಿತ್ತು.

ಹೇಳಬೇಕಾಗಿದ್ದನ್ನು ಹೇಳಿದೆ, ಸೆವೆರಿನ್. ಹೇಳಬೇಕೆಂದುಕೊಂಡಿದ್ದನ್ನು ಹೇಳಲಿಲ್ಲ. ಅದಕ್ಕೆ ಸಮಯವೇ ಸಿಗಲಿಲ್ಲ. ಈಗ ಅಲ್ಲಿ ಹೋಗಿ ಕೂತರೆ ಅದು ಬರೀ ನೆಲಮಾಳಿಗೆ. ಅತ್ತರೂ ಗೋಡೆಯೇ ಕೇಳಬೇಕು.

ಇನ್ನು ಮುಂದೆ ನಮ್ಮ ವೈನಿಗೆ ಲೀಟರಿಗೆ ಒಂಬತ್ತು ಶಿಲ್ಲಿಂಗ್. ಚೌಕಾಸಿ ಇಲ್ಲ.

ಗೆನೋವೇವಾ


ವಿಯೆನ್ನಾ, 16 ನವೆಂಬರ್ 1957

ಗೆನೋವೇವಾ ಅಮ್ಮಾ,

ಬೈಯೋಣವೆಂದು ಕಾಗದ ತೆಗೆದುಕೊಂಡೆ. ಎರಡು ಸಾಲು ಬೈದೂ ಬರೆದೆ. ಹರಿದು ಹಾಕಿದೆ. ಎರಡು ಶಿಲ್ಲಿಂಗಿನ ಆಸೆಗೆ ನಾನು ಕಣ್ಣು ಮುಚ್ಚಿಕೊಂಡಿದ್ದೆ, ನಿಮಗೆ ನನ್ನ ಕಣ್ಣು ಬೇಕಿತ್ತು. ಯಾರನ್ನು ಯಾರು ಬೈಯುವುದು? ನೀವು ಐದನೇ ತಾರೀಖು ಬರೆದದ್ದು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಸಿಕ್ಕಿತು. ಹೆರ್ಮಿನೆ ಅದನ್ನು ಒಡೆಯದೆ ಉಪ್ಪಿನ ಡಬ್ಬಿಯ ಅಡಿ ಇಟ್ಟಿದ್ದಳು.

ಒಂದು ಮಾತು ನಿಮಗೆ ಸೇರಬೇಕಾದದ್ದು ನನ್ನ ಹತ್ತಿರ ಉಳಿದಿದೆ. ಆ ದಿನ ನಾನು ಮಣೆಯ ಮೇಲೆ ಕೂತಿದ್ದೆ, ಕೈಕಾಲು ನನ್ನವಾಗಿರಲಿಲ್ಲ. ಕೊನೆಯ ಪೀಪಾಯಿಯಿಂದ ತುಂಬಿದ ಲೋಟವನ್ನು ಅವರು ನನ್ನ ತುಟಿಯ ಹತ್ತಿರ ತಂದಿದ್ದರು. ಮೇಲಿನಿಂದ ನಿಮ್ಮ ದನಿ ಕೇಳಿಸಿತು. ಅವರು ಪೂರ್ತಿ ಕೇಳಿದರು, ತಲೆ ಬಗ್ಗಿಸಿಕೊಂಡು. ಆಮೇಲೆ, "ಹ್ಞಾಂ. ಅದೇ" ಎಂದರು. ಲೋಟವನ್ನು ನೆಲಕ್ಕೆ ಚೆಲ್ಲಿ ಬೋರಲು ಹಾಕಿದರು. ಮುಖದಲ್ಲಿ ಕೋಪವಿರಲಿಲ್ಲ, ಅಮ್ಮಾ. ದಿನವಿಡೀ ದುಡಿದವನು ಕೊನೆಗೆ ಬೂಟು ಬಿಚ್ಚುವಾಗ ಇರುತ್ತದಲ್ಲ, ಹಾಗಿತ್ತು.

ಇಷ್ಟಕ್ಕೇ ಮುಗಿಸಬೇಕು ಎಂದಿದ್ದೆ. ಆಗುತ್ತಿಲ್ಲ.

ನಿನ್ನೆ ಊಟದ ಹೊತ್ತಿಗೆ ಹೆರ್ಮಿನೆಯನ್ನು ಆಲೂಗಡ್ಡೆ ತರಲು ನನ್ನ ನೆಲಮಾಳಿಗೆಗೆ ಕಳಿಸಿದೆ. ಬುಟ್ಟಿ ಖಾಲಿ ಹಿಡಿದುಕೊಂಡೇ ಮೇಲೆ ಬಂದಳು. "ಸಾಹುಕಾರ್ರೆ, ಗಿರಾಕಿಗಳನ್ನ ಕೆಳಗೆ ಬಿಡ್ಬೇಡಿ ಅಂತ ಎಷ್ಟು ಸಲ ಹೇಳೋದು? ಯಾರೋ ಮುದುಕಪ್ಪ, ನೀಲಿ ಏಪ್ರನ್ನು, ಜಾಡಿ ಪಕ್ಕ ಕೂತಿದ್ದಾನೆ. 'ವೇವಿ ಏನಾದ್ರೂ ಹೇಳಿದ್ಲಾ' ಅಂತ ನನ್ನ ಕೇಳ್ತಾನೆ. ಯಾರ್ರೀ ಅದು ವೇವಿ?"

ಅವಳ ಮುಂದೆ ಆ ಹೆಸರನ್ನು ನಾನು ಎಂದೂ ಎತ್ತಿದವನಲ್ಲ. ನಿಮ್ಮ ಕಾಗದಗಳೆಲ್ಲ ನನ್ನ ಕೋಟಿನಲ್ಲೇ ಇವೆ. ನಾನು ಇಳಿದು ನೋಡಿದೆ. ಯಾರೂ ಇಲ್ಲ, ಮಾರಾಟವಾಗದೆ ಉಳಿದಿರುವುದು ಎರಡು ಜಾಡಿ. ಮೊದಲ ದಿನ ತಂದದ್ದು, ನಾಲ್ಕು ಶಿಲ್ಲಿಂಗಿನದ್ದು. ಅಮ್ಮಾ, ನೀವು ನಿಮ್ಮ ಪೀಪಾಯಿಗಳಿಗೆ ಹೇಳಿದಿರಿ. ಈ ಜಾಡಿಗಳಿಗೆ ಯಾರೂ ಹೇಳಿಲ್ಲ. ಇವು ಅದಕ್ಕೆ ಮುಂಚೆಯೇ ಹೊರಗೆ ಬಂದಿದ್ದವು.

ಪದ್ಧತಿ ನೀವೇ ಕಲಿಸಿದ್ದೀರಿ. ಬೆರಳು ಮಡಿಸಿಕೊಂಡು ಜಾಡಿಯ ಮುಂದೆ ಕೂತಿದ್ದೆ. ಹೇಳಬೇಕೆಂದುಕೊಂಡಿದ್ದನ್ನು ಹೇಳಲಿಲ್ಲ ಎಂದು ನೀವು ಬರೆದದ್ದು ನೆನಪಾಯಿತು. ತಟ್ಟಲಿಲ್ಲ. ನಾನು ತಟ್ಟಬೇಕೋ ಬೇಡವೋ ನೀವೇ ಹೇಳಿ. ಭಯವಾಗುತ್ತಿದೆ, ಬೇಗ ಬರೆಯಿರಿ.

ಸೆವೆರಿನ್


ಹಾಸೆಲ್‌ಬ್ರುನ್, 18 ನವೆಂಬರ್ 1957

ಸೆವೆರಿನ್,

ತಟ್ಟಬೇಡಿ.

ಗುರುವಾರದ ಮೊದಲ ರೈಲಿಗೆ ಬರುತ್ತೇನೆ. ನಿಮಗೆ ರಜೆ, ಹೋಟೆಲಿನಲ್ಲಿ ಗಿರಾಕಿಗಳು ಇರುವುದಿಲ್ಲ. ನಾನು ಮೇಲೆ ಅಡುಗೆಮನೆಯಲ್ಲಿ ಹೆರ್ಮಿನೆಯ ಹತ್ತಿರ ಕೂತಿರುತ್ತೇನೆ. ಒಂದೇ ಒಂದು ಮಾತು ಕೆಳಗೆ ಹೋಗಬೇಕು, ಒಂದೇ ಒಂದು ಮಾತು ಮೇಲೆ ಬರಬೇಕು. ಅದಾದ ಮೇಲೆ ನಾನೇ ಇಳಿದು ತಟ್ಟುತ್ತೇನೆ.

ಆ ಎರಡು ಜಾಡಿಗೆ ಎಷ್ಟು ಕೇಳುತ್ತೀರೋ ಕೇಳಿ. ನಾನು ಚೌಕಾಸಿ ಮಾಡುವುದಿಲ್ಲ.

ನೀವು ಅಗ್ಗಕ್ಕೆ ಬಿಡುವವರಲ್ಲ ಎಂದು ಗೊತ್ತು. ಇದೊಂದನ್ನು ಮಾತ್ರ ಬಿಟ್ಟಿಯಾಗಿ ಕೊಡಿ. ನಾನು ಬರುವವರೆಗೆ ಹೆರ್ಮಿನೆಗೆ ಏನೂ ಹೇಳಬೇಡಿ.

ವೇವಿ